ರೇಣುಕಣ್ಣನಿಗೊಂದು ಅಭಿಪ್ರಾಯ ಬಂದದ್ದು

ನಮ್ಮ ರೇಣುಕಣ್ಣನಿಗೆ ಹುಟ್ಟಿದಾಗಿನಿಂದ ಅಭಿಪ್ರಾಯ ಅನ್ನುವುದೇ ಇರಲಿಲ್ಲ. ಕೆಲವರಿಗೆ ಕಿವಿ ಮಂದ, ಕೆಲವರಿಗೆ ಸಕ್ಕರೆ ಕಾಯಿಲೆ, ಇವನಿಗೆ ಇದು. ಐವತ್ತು ದಾಟುವ ತನಕ ಹಾಗೇ ಬದುಕಿದ, ಚೆನ್ನಾಗಿಯೇ ಬದುಕಿದ. ಆಮೇಲೆ ಒಂದು ಇಂಗ್ಲಿಷ್ ಪರೀಕ್ಷೆ ಬಂದು, 'ಅದೆಲ್ಲ ಸರಿ, ನಿನ್ನ ಅಭಿಪ್ರಾಯ ಏನು?' ಅಂತ ಕೇಳಿತು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ನಾನು ಅವನ ತಂಗಿ, ಗಿರಿಜಾಂಬಿಕಾ. ಚಿಕ್ಕನಾಯಕನಹಳ್ಳಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ. ಹೇಳಲಿ. ನಾವು ಮೂವರು ಮಕ್ಕಳು. ದೊಡ್ಡಣ್ಣ ರುದ್ರೇಶ ಹಾಲ್ಕುರಿಕೆಯಲ್ಲೇ ಇದ್ದುಕೊಂಡು ತೋಟ ನೋಡಿಕೊಳ್ಳುತ್ತಾನೆ, ಅವನಿಗೆ ಮೂಗಿನ ತುದಿಯಲ್ಲೇ ಕೋಪ. ನಡುವಿನವನು ರೇಣುಕಪ್ರಸಾದ್, ಅಂದರೆ ನಮ್ಮ ರೇಣುಕಣ್ಣ. ಮೂವರಿಗೂ ಹಂಚಬೇಕಾಗಿದ್ದ ಮಾತನ್ನೆಲ್ಲ ನಾನೂ ರುದ್ರಣ್ಣನೂ ಬಾಚಿಕೊಂಡು, ಅವನ ಪಾಲಿಗೆ 'ನೋಡಣ' ಅನ್ನುವುದೊಂದನ್ನು ಬಿಟ್ಟೆವು ಅಂತ ಕಾಣುತ್ತದೆ.

ಚಿಕ್ಕವನಿದ್ದಾಗಲೇ ಹಾಗೆ. ಅಡುಗೆಮನೆಯಲ್ಲಿ ಹಾಲು ಚೆಲ್ಲಿ ಹೋಗಿರುತ್ತಿತ್ತು. ಅಮ್ಮ ಸೌಟು ಹಿಡಿದುಕೊಂಡು, "ಯಾರ್ಲಾ ಚೆಲ್ಲಿದ್ದು?" ಅಂತ ಕೇಳಿದರೆ, "ಬೆಕ್ಕೂ ಬಂದಿತ್ತಮ್ಮ, ಅಣ್ಣನೂ ಬಂದಿದ್ದ," ಅನ್ನುತ್ತಿದ್ದ. ಸುಳ್ಳಲ್ಲ. ಬೆಕ್ಕು ಬಂದಿದ್ದೂ ನಿಜ, ಅಣ್ಣ ಬಂದಿದ್ದೂ ನಿಜ. ಅಮ್ಮನಿಗೆ ಯಾರ ಬೆನ್ನಿಗೆ ಬಾರಿಸಬೇಕು ಅಂತ ಗೊತ್ತಾಗದೆ ಕೊನೆಗೆ ನನಗೆ ಎರಡು ಬೀಳುತ್ತಿತ್ತು.

ಹೆಣ್ಣು ನೋಡಲು ತುರುವೇಕೆರೆಗೆ ಹೋಗಿದ್ದೆವು. ಕೇಸರಿಬಾತು ತಿಂದದ್ದಾಯಿತು, ಹುಡುಗಿ ಬಂದು ಕೂತು ಎದ್ದು ಹೋದದ್ದೂ ಆಯಿತು. ಅಪ್ಪ ಮೆಲ್ಲಗೆ, "ಏನ್ಲಾ, ಒಪ್ಪಿಗೆನಾ?" ಅಂದರು. ಇವನು ಗಂಭೀರವಾಗಿ, "ಒಪ್ಪೋದಾದ್ರೆ ಒಪ್ಪಬಹುದು ಅಪ್ಪಾಜಿ. ಬ್ಯಾಡ ಅನ್ನೋದಾದ್ರೆ ಹಂಗೂ ಅನ್ನಬಹುದು," ಅಂದ. ಬಾಗಿಲ ಹಿಂದೆ ನಿಂತಿದ್ದ ಸೌಂದರ್ಯ ಅತ್ತಿಗೆ ಅದನ್ನು ಕೇಳಿಸಿಕೊಂಡಿದ್ದಳು. ಮದುವೆಯೇನೋ ಆಯಿತು. ಆದರೆ ಆ ಮಾತನ್ನು ಇವತ್ತಿಗೂ ಹೇಳಿ ಹೇಳಿ ಹೊಟ್ಟೆ ಉರಿದುಕೊಳ್ಳುತ್ತಾಳೆ. ಉರಿದುಕೊಳ್ಳದೆ ಏನು ಮಾಡುತ್ತಾಳೆ, ಪಾಪ!

ನಮ್ಮ ಕಡೆಯ ಜನರನ್ನೂ ಸ್ವಲ್ಪ ಹೇಳಬೇಕು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಆರಿ ಕೊಬ್ಬರಿಯಾಗುವ ತನಕ ಹೆಚ್ಚು ಕಡಿಮೆ ವರ್ಷ ಕಾಯುವ ಜನ ನಾವು. ಅಟ್ಟದ ಮೇಲೆ ಎಷ್ಟಿದೆ ಅಂತ ಒಬ್ಬರೂ ಬಾಯಿ ಬಿಡುವುದಿಲ್ಲ. ಕೇಳಿದರೆ, "ಐತೆ ಕಣಪ್ಪ, ಅಷ್ಟೋ ಇಷ್ಟೋ." ಮಾರುತ್ತೀರಾ ಅಂದರೆ, "ಮಾರಬೇಕು, ನೋಡಣ." ಮೊದಲು ಬಾಯಿ ಬಿಟ್ಟವನಿಗೆ ಮಂಡಿಯಲ್ಲಿ ರೇಟು ಸಿಗುವುದಿಲ್ಲ ಅನ್ನುವುದು ಎಲ್ಲರ ತಲೆಯಲ್ಲೂ ಕೂತಿದೆ. ಉಳಿದವರು ಕೊಬ್ಬರಿಯ ವಿಷಯದಲ್ಲಿ ಮಾತ್ರ ಹೀಗೆ. ರೇಣುಕಣ್ಣ ತನ್ನ ಮನಸ್ಸನ್ನೇ ಅಟ್ಟಕ್ಕೆ ಹಾಕಿ ಏಣಿ ತೆಗೆದುಬಿಟ್ಟಿದ್ದ.

ಇಂಥವನು ಇಂಗ್ಲಿಷ್ ಎಂ.ಎ. ಮಾಡಿ, ತಿಪಟೂರಿನಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಾಸು ತೆರೆದ. ಕೆಳಗೆ ಯೂರಿಯಾ, ಮೇಲೆ ಇಂಗ್ಲಿಷು. ಬ್ಯಾಂಕ್ ಪರೀಕ್ಷೆಯವರು, ನರ್ಸಿಂಗ್ ಓದಿ ಹೊರದೇಶಕ್ಕೆ ಹೋಗುವವರು, ಎಲ್ಲರಿಗೂ ಪ್ರಬಂಧ ಬರೆಯುವುದನ್ನು ಹೇಳಿಕೊಡುತ್ತಿದ್ದ. ಅವನ ಪ್ರಬಂಧಕ್ಕೆ ಒಂದೇ ಅಚ್ಚು. ಮೊದಲು ಈ ಕಡೆಯ ಮಾತು, ಆಮೇಲೆ ಆ ಕಡೆಯ ಮಾತು, ಕೊನೆಗೆ ಎರಡರಲ್ಲೂ ಒಳ್ಳೆಯದೂ ಉಂಟು ಕೆಟ್ಟದ್ದೂ ಉಂಟು, ಅವರವರ ಇಷ್ಟ ಅಂತ ಮುಗಿಸುವುದು. ಮೊಬೈಲ್ ಒಳ್ಳೆಯದೋ ಕೆಟ್ಟದ್ದೋ? ಎರಡೂ. ಹಳ್ಳಿ ಮೇಲೋ ಪಟ್ಟಣ ಮೇಲೋ? ಎರಡೂ. ಮಕ್ಕಳಿಗೆ ಹೊಡೆಯಬಹುದೋ ಬಾರದೋ? ಅದಕ್ಕೂ ಎರಡೂ.

"ನಾವು ಯಾವ ಕಡೆ ಅಂತ ಪೇಪರ್ ನೋಡೋನಿಗೆ ಗೊತ್ತಾಗಬಾರ್ದು ಕಣ್ರೋ. ಗೊತ್ತಾಯ್ತೋ, ಮಾರ್ಕ್ಸ್ ಕಡಿದ ಅಂತಲೇ ತಿಳ್ಕೊಳ್ಳಿ," ಅನ್ನುತ್ತಿದ್ದ. ಪೇಪರ್ ನೋಡುವವನನ್ನೂ ಅವನು ಕೊಬ್ಬರಿ ಕೊಳ್ಳಲು ಬಂದ ವರ್ತಕ ಅಂದುಕೊಂಡಿದ್ದ.

ಊರಲ್ಲಿ ಇದರಿಂದ ಅವನಿಗೆ ಮರ್ಯಾದೆ ಹೆಚ್ಚಿತೇ ಹೊರತು ಕಮ್ಮಿಯಾಗಲಿಲ್ಲ. ಬದುವಿನ ಜಗಳ, ಗಂಡ ಹೆಂಡಿರ ಜಗಳ, ಯಾವುದಕ್ಕೆ ಕರೆದರೂ ಹೋಗಿ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬರುತ್ತಿದ್ದ. ಜಗಳ ಇದ್ದ ಹಾಗೇ ಇರುತ್ತಿತ್ತು, ಆದರೆ ಇಬ್ಬರೂ, "ರೇಣುಕ ಮೇಷ್ಟ್ರು ನಮ್ಮ ಕಡೆಗೇ ಮಾತಾಡಿದ್ರು," ಅಂದುಕೊಂಡು ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಇದಕ್ಕೆ ನಮ್ಮ ಕಡೆ ದೊಡ್ಡ ಮನುಷ್ಯ ಅನ್ನುತ್ತಾರೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಕೋಚಿಂಗ್ ಕಂಪನಿಯವರು ಬಂದು, "ಸರ್, ನಮ್ಮ ಬೋರ್ಡು ಹಾಕಿಕೊಳ್ಳಿ, ಮಕ್ಕಳು ಇನ್ನೂ ಜಾಸ್ತಿ ಬರ್ತಾರೆ," ಅಂದರು. ಒಂದೇ ಷರತ್ತು. ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯನ್ನು ಹೇಳಿಕೊಡುವ ಮೇಷ್ಟರೂ ಬರೆದು ಒಳ್ಳೆಯ ಗ್ರೇಡು ತೋರಿಸಬೇಕು. ರೇಣುಕಣ್ಣ ಹೊಸ ಷರಟು ಹೊಲಿಸಿಕೊಂಡು ಬೆಂಗಳೂರಿಗೆ ಹೋಗಿ ಬರೆದು ಬಂದ. ಷರಟು ಹೊಲಿದವಳು ನಾನೇ.

ಫಲಿತಾಂಶ ನೋಡಿದರೆ, ಓದುವುದರಲ್ಲಿ ಚೆನ್ನಾಗಿದೆ, ಮಾತಾಡುವುದರಲ್ಲಿ ಚೆನ್ನಾಗಿದೆ, ಬರೆಯುವುದರಲ್ಲಿ ಮಲಗಿದ್ದಾನೆ. ಕಂಪನಿಯ ಹುಡುಗಿ ಫೋನ್ ಮಾಡಿ, ಪ್ರಬಂಧದಲ್ಲಿ ಏನೇನು ಬರೆದಿರಿ ಅಂತ ಕೇಳಿ ತಿಳಿದುಕೊಂಡು, "ಸರ್, ಎರಡೂ ಕಡೆ ಹೇಳಿದೀರಾ, ಸರಿ. ಆದ್ರೆ ನಿಮ್ಮ ಅಭಿಪ್ರಾಯ ಎಲ್ಲಿ? ಪ್ರಶ್ನೇಲೇ ಕೇಳಿದಾರಲ್ಲ," ಅಂದಳಂತೆ. ಇವನು, "ಅಭಿಪ್ರಾಯ ಹೇಳಿದ್ರೆ ಬ್ಯಾಲೆನ್ಸ್ ಎಲ್ಲಮ್ಮ ಉಳೀತದೆ?" ಅಂದನಂತೆ. ಆ ಹುಡುಗಿ ಸಮಾಧಾನವಾಗಿ, ಎರಡು ಕಡೆಯನ್ನೂ ನ್ಯಾಯವಾಗಿ ತೂಗಿ ನೋಡುವುದು ಯಾವುದು ಸರಿ ಅಂತ ಹೇಳುವುದಕ್ಕೇ ಸರ್, ಹೇಳದೆ ಇರುವುದಕ್ಕಲ್ಲ ಅಂತ ಬಿಡಿಸಿ ಹೇಳಿದಳಂತೆ. ಎಂ.ಎ. ಮಾಡಿ ಕಾಲು ಶತಮಾನವಾದ ಮೇಲೆ ಇವನಿಗೆ ಇದು ಹೊಸ ಸುದ್ದಿ.

ಆವತ್ತಿನಿಂದ ಅಭಿಪ್ರಾಯದ ಅಭ್ಯಾಸ ಶುರುವಾಯಿತು. ಮನೆಯಲ್ಲೇ ಮೊದಲು. ಬೆಳಿಗ್ಗೆ ತಿಂಡಿಗೆ ಕೂತವನು ಬೆನ್ನು ನೆಟ್ಟಗೆ ಮಾಡಿಕೊಂಡು, "ಉಪ್ಪಿಟ್ಟಿಗೆ ಉಪ್ಪು ಕಮ್ಮಿ," ಅಂದನಂತೆ. ಸೌಂದರ್ಯ ಅತ್ತಿಗೆ ನನಗೆ ಫೋನ್ ಮಾಡಿದಳು.

"ಗಿರಿಜಾ, ನಿಮ್ಮಣ್ಣಂಗೆ ಏನೋ ಆಗೈತೆ ಕಣೇ. ಉಪ್ಪು ಕಮ್ಮಿ ಅಂದ್ರು!"

"ನಿಜವಾಗ್ಲೂ ಕಮ್ಮಿ ಇತ್ತಾ ಅತ್ತಿಗೆ?"

"ಉಪ್ಪೇ ಹಾಕಿರಲಿಲ್ಲ, ಮರೆತಿದ್ದೆ. ಅದಲ್ಲ ವಿಷಯ. ಇವರು ಬಾಯಿ ಬಿಟ್ಟು ಹೇಳಿದ್ರಲ್ಲ! ಬಿ.ಪಿ. ತೋರಿಸ್ಕೊಂಡು ಬರಣ ಅಂತಿದೀನಿ."

ಎರಡನೇ ಅಭಿಪ್ರಾಯ ಮನೆಯ ಹೊರಗೆ ಹೊರಟಿತು. ಕೆಳಗಿನ ಗೊಬ್ಬರದಂಗಡಿಯ ಕಲ್ಲೇಶನ ಹತ್ತಿರ ಟೀ ಕುಡಿಯುತ್ತಾ, "ನೋಡಿ ಕಲ್ಲೇಶ್, ಎಳನೀರು ಕೆಡವಿ ಮಾರೋದು ತಪ್ಪು. ಕಾಯಿ ಬಲಿಯಕ್ಕೆ ಬುಟ್ಟು ಕೊಬ್ಬರಿ ಮಾಡ್ಬೇಕು. ಇದು ನನ್ನ ಖಚಿತವಾದ ಅಭಿಪ್ರಾಯ," ಅಂದ. ಕಲ್ಲೇಶ್ ಲೋಟ ಕೆಳಗಿಟ್ಟು, "ನಾನು ಹೋದ ವಾರವಷ್ಟೇ ಎಳನೀರಿಗೆ ಕೊಟ್ಟೆನಲ್ಲ ಸಾರ್," ಅಂದ. "ನಿಮ್ಮ ತೋಟದ ಮಾತು ಬೇರೆ ಬುಡಿ! ಅದಕ್ಕೆ ಎಳನೀರೇ ಸರಿ," ಅಂದನಂತೆ ನಮ್ಮಣ್ಣ. ಆ ಅಭಿಪ್ರಾಯಕ್ಕೆ ಟೀ ಆರುವಷ್ಟೂ ಆಯಸ್ಸಿರಲಿಲ್ಲ.

ಹೀಗೆ ಎಲ್ಲಿ ಹೇಳಲು ಹೋದರೂ ಅಲ್ಲೊಬ್ಬ ನೆಂಟನೋ, ಬೀಗನೋ, ಶಿಷ್ಯನ ಅಪ್ಪನೋ ಇರುತ್ತಿದ್ದ. ಸೊರಗಿಹೋದ. ಆಮೇಲೆ ಒಂದು ದಿನ ನಮ್ಮ ಮನೆಗೆ ಬಂದವನ ಮುಖದಲ್ಲಿ ಏನು ಕಳೆ ಅಂತೀರಿ!

"ಗಿರಿಜಾ, ಗೊತ್ತಾಯ್ತು ಕಣೇ! ಆ ಪೇಪರ್ ನೋಡೋನು ಎಲ್ಲೋ ಸಮುದ್ರದಾಚೆ ಕೂತಿರ್ತಾನೆ. ಅವನಿಗೆ ನಾನು ಯಾರ ಮಗ ಗೊತ್ತಿಲ್ಲ, ಯಾವೂರು ಗೊತ್ತಿಲ್ಲ. ನಾಳೆ ಮದುವೇಲಿ ಎದುರಿಗೆ ಸಿಕ್ಕೋನೂ ಅಲ್ಲ. ಅವನ ಹತ್ರ ಏನ್ ಬೇಕಾದ್ರೂ ಹೇಳಬಹುದು!"

"ಹೇಳಿದ್ದಕ್ಕೆ ನೀನು ಬದ್ಧನಾಗಿರಬೇಕಲ್ವೇನಣ್ಣ?" ಅಂದೆ.

"ಯಾರು ಕೇಳ್ತಾರೆ?" ಅಂದ.

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಎರಡನೇ ಸಲ ಹೋದಾಗ ಬಂದ ಪ್ರಶ್ನೆ ಹೀಗಿತ್ತು. ತಂದೆ ತಾಯಿಯ ಆಸ್ತಿ ಗಂಡುಮಕ್ಕಳಿಗೇ ಹೋಗಬೇಕು ಅಂತ ಕೆಲವರು ಅನ್ನುತ್ತಾರೆ, ಹೆಣ್ಣುಮಕ್ಕಳಿಗೂ ಸಮನಾಗಿ ಸೇರಬೇಕು ಅಂತ ಕೆಲವರು ಅನ್ನುತ್ತಾರೆ. ಎರಡನ್ನೂ ಚರ್ಚಿಸಿ ನಿಮ್ಮ ಅಭಿಪ್ರಾಯ ಬರೆಯಿರಿ. ರೇಣುಕಣ್ಣ ಬರೆದ. ಎಂಥಾ ಗ್ರೇಡು ಬಂತು ಅಂತೀರಿ, ಕಂಪನಿಯವರು ಹಾರ ಹಾಕಿ ಫೋಟೋ ತೆಗೆಸಿ ಬೋರ್ಡಿಗೆ ಹಾಕಿದರು. ಇವನೋ, ಆ ಪ್ರಬಂಧವನ್ನು ನೆನಪಿನಿಂದಲೇ ಪೂರ್ತಿ ಹೇಳಿ, ವಿಡಿಯೋ ಮಾಡಿ, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಕೈಯಾಡಿಸುವುದೇನು, ಕತ್ತು ಕೊಂಕಿಸುವುದೇನು! ರುದ್ರಣ್ಣ ಅದಕ್ಕೆ ಹೆಬ್ಬೆಟ್ಟಿನ ಗುರುತು ಒತ್ತಿ, ಜೊತೆಗೆ ಕೈಮುಗಿದ ಗುರುತನ್ನೂ ಹಾಕಿದ್ದ. ಇಂಗ್ಲಿಷಿನಲ್ಲಿ ಅವನಿಗೆ ತಿಳಿಯುವುದು ಮೋಟಾರಿನ ಹೆಸರು ಮಾತ್ರ.

ನನಗೂ ತಿಳಿಯಲಿಲ್ಲ. ನನ್ನ ಮಗಳು ಜೀವಿತಾ ಬಿ.ಎ. ಓದುತ್ತಿದ್ದಾಳೆ. ನಾನು ಗುಂಡಿ ಹಾಕುತ್ತಾ ಕೂತಿದ್ದೆ, ಅವಳು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದಳು.

"ಗಂಡುಮಕ್ಕಳು ಭೂಮಿಯಲ್ಲಿ ದುಡೀತಾರೆ, ಅದು ನಿಜ ಅಂತಿದಾರಮ್ಮ ಮಾವ. ಆದ್ರೆ ಹೆಣ್ಣುಮಕ್ಕಳು ಅದೇ ಭೂಮಿಗೆ ನೀರು ಹೊತ್ತಿರ್ತಾರೆ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ ಅಂತೆ. ಸೀರೆ ಕೊಟ್ಟು ಸೈನ್ ಹಾಕಿಸ್ಕೊಳ್ಳೋದು ಮೋಸ ಅಂತೆ. ತಂಗಿಗೆ ನ್ಯಾಯ ಸಿಗದ ಮನೇಲಿ ಅಣ್ಣ ಬಾಯಿ ಮುಚ್ಕೊಂಡಿದ್ರೆ ಅವನೂ ಆ ಮೋಸದಲ್ಲಿ ಪಾಲುದಾರ ಅಂತೆ. ಸಮಪಾಲು ಕೊಡಲೇಬೇಕು ಅಂತ ನಾನು ದೃಢವಾಗಿ ನಂಬ್ತೀನಿ ಅಂತ ಮುಗಿಸಿದಾರೆ."

ನನ್ನ ಕಣ್ಣು ತುಂಬಿ ಬಂತು, ಸೂಜಿ ಬೆರಳಿಗೆ ಚುಚ್ಚಿತು. ಯಾಕೆ ಅಂತ ಹೇಳುತ್ತೇನೆ.

ಹಾಲ್ಕುರಿಕೆಯಲ್ಲಿ ನಮಗೆ ಕಟ್ಟೆ ತೋಟ ಅಂತ ಒಂದು ತುಂಡು ಇದೆ, ಕೆರೆ ಏರಿಯ ಕೆಳಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಅಲ್ಲಿ ಸಸಿ ಇಟ್ಟರು. ರುದ್ರಣ್ಣ ಆಗ ಬೈಕು ಕಲಿಯುವುದರಲ್ಲಿದ್ದ, ರೇಣುಕಣ್ಣ ಕಾಲೇಜು. ಎರಡು ಬೇಸಿಗೆ ಕೊಡ ಹೊತ್ತು ನೀರು ಹಾಕಿದವಳು ನಾನು. ಅಪ್ಪ ಸಾಯುವ ಮುಂಚಿನ ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದೆ, ಅಮ್ಮ ಅಷ್ಟರಲ್ಲಿ ತೀರಿಕೊಂಡಾಗಿತ್ತು. ಅಪ್ಪ ಜಗಲಿಯಲ್ಲಿ ಕೂತು ರೇಣುಕಣ್ಣನಿಗೆ ಹೇಳಿದರು, "ಕಟ್ಟೆ ತೋಟ ಗಿರಿಜಂದು ಕಣ್ಲಾ. ನೀರು ಹೊತ್ತೋಳು ಅವಳು. ನೀನು ಓದಿದೋನು, ನೀನೇ ಮುಂದೆ ನಿಂತು ಕೊಡಿಸಬೇಕು." ಅಲ್ಲಿದ್ದವರು ಅವನೂ ನಾನೂ ಇಬ್ಬರೇ. ಅವನು ಆಗಲೂ, "ನೋಡಣ ಅಪ್ಪಾಜಿ," ಅಂದಿದ್ದ.

ಈಗ ಅಣ್ಣಂದಿರಿಬ್ಬರೂ ಪಾಲು ಮಾಡಿಕೊಳ್ಳಲು ಹೊರಟಿದ್ದರು. ರೇಣುಕಣ್ಣನಿಗೆ ಬಾವಿ ತೋಟ, ಉಳಿದದ್ದೂ ಕಟ್ಟೆ ತೋಟವೂ ರುದ್ರಣ್ಣನಿಗೆ. ನಾನು ಹಕ್ಕು ಖುಲಾಸೆ ಪತ್ರಕ್ಕೆ ಸೈನ್ ಹಾಕಬೇಕು. ನಮ್ಮಲ್ಲಿ ಇದು ನಡೆದು ಬಂದ ಕ್ರಮ. ಹೆಣ್ಣುಮಗಳನ್ನು ಕರೆಸಿ, ಹೋಳಿಗೆ ಊಟ ಹಾಕಿ, ಅರಿಶಿನ ಕುಂಕುಮದ ತಟ್ಟೆಯಲ್ಲಿ ಒಂದು ರೇಷ್ಮೆ ಸೀರೆ ಇಟ್ಟು, ಅದರ ಪಕ್ಕದಲ್ಲೇ ಪತ್ರ ಇಡುತ್ತಾರೆ. ಆಮೇಲೆ ವರ್ಷಕ್ಕೊಂದು ಚೀಲ ಕೊಬ್ಬರಿ ತವರಿನಿಂದ ಬರುತ್ತದೆ. ಬಂದಷ್ಟು ವರ್ಷ ಬರುತ್ತದೆ.

ನನಗೆ ಎಲ್ಲ ಬೇಡವಾಗಿತ್ತು. ಕಟ್ಟೆ ತೋಟ ಒಂದು ಬೇಕಾಗಿತ್ತು. ಯಾಕೆ ಬೇಕು ಅಂತ ಕೇಳಿದರೆ, ಬೇಕು. ಅದರ ಒಂದೊಂದು ಮರವೂ ನನಗೆ ಗೊತ್ತು. ರುದ್ರಣ್ಣನಿಗೆ ಹೇಳಿದರೆ, "ಅಪ್ಪ ಹಂಗಂದಿದ್ಕೆ ಸಾಕ್ಷಿ ಯಾರೇ?" ಅಂತ ಹಾರಿಬಿದ್ದ. "ರೇಣುಕಣ್ಣ ಇದ್ದ," ಅಂದೆ. "ಅವನು ಹೇಳಲಿ, ಪಂಚರ ಮುಂದೆ ಹೇಳಲಿ. ಹೇಳಿದ್ರೆ ತೋಟ ನಿಂದೇ," ಅಂದ. ಅವನಿಗೆ ತಮ್ಮನ ಬಾಯಿಯ ಮೇಲೆ ಎಷ್ಟು ಧೈರ್ಯ ನೋಡಿ!

ಆದರೆ ಆ ವಿಡಿಯೋ ಬಂದ ಮೇಲೆ ನನಗೂ ಧೈರ್ಯ ಬಂತು. ಸಮುದ್ರದಾಚೆಯವನಿಗೆ ಇಷ್ಟು ಹೇಳಿದವನು ಜಗಲಿಯ ಮೇಲೆ ಒಂದು ಮಾತು ಹೇಳಲಾರನೇ? ಅವನ ಕೈಯಿಂದ ಒಂದು ಗರಿಯೂ ಹೋಗುವುದಿಲ್ಲ, ಹೋಗುವುದು ರುದ್ರಣ್ಣನ ಪಾಲಿನಿಂದ. ಫೋನ್ ಮಾಡಿ, "ಬರೋ ಭಾನುವಾರ ಹೇಳ್ತೀಯಲ್ವೇನಣ್ಣ?" ಅಂದೆ.

"ಬತ್ತೀನಿ. ನೋಡಣ," ಅಂದ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಭಾನುವಾರ ಜಗಲಿಯಲ್ಲಿ ಚಾಪೆ ಹಾಸಿದ್ದರು. ಊರಿನ ಹಿರಿಯರಿಬ್ಬರು, ಕಾಡಸಿದ್ದಪ್ಪನವರು, ಬಸವರಾಜಪ್ಪನವರು, ಹೋಳಿಗೆ ಉಂಡು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ತಟ್ಟೆಯಲ್ಲಿ ಸೀರೆ, ಪಕ್ಕದಲ್ಲಿ ಪತ್ರ. ಸೀರೆಯ ಬಣ್ಣ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬಸವರಾಜಪ್ಪನವರು ಮಾತು ತೆಗೆದರು. "ಏನಪ್ಪ ರೇಣುಕ, ಇಂಗ್ಲಿಷ್ ಪರೀಕ್ಷೇಲಿ ಭಾರಿ ನಂಬರ್ ತಗೊಂಡ್ಯಂತೆ? ತಿಪಟೂರಲ್ಲಿ ಬೋರ್ಡು ನೋಡ್ದೆ. ಏನ್ ಬರೆದೆ, ನಾವೂ ಒಂದಿಷ್ಟು ಕೇಳಣ, ಹೇಳು."

ರೇಣುಕಣ್ಣ ಬೇಡ ಬೇಡ ಅಂದ. "ಹೇಳಣ್ಣ, ನನಗೂ ಕೇಳಬೇಕು," ಅಂತ ನಾನೂ ಒತ್ತಾಯ ಮಾಡಿದೆ. ಎದ್ದು ನಿಂತು ಶುರು ಮಾಡಿದ ನೋಡಿ, ನೀರು ಹರಿದ ಹಾಗೆ ಇಂಗ್ಲಿಷು. 'ಐ ಫರ್ಮ್ಲಿ ಬಿಲೀವ್' ಅನ್ನುವಾಗ ಎದೆ ಮುಟ್ಟಿಕೊಂಡ. ಸೀರೆ ಕೊಟ್ಟು ಸೈನ್ ಹಾಕಿಸಿಕೊಳ್ಳುವ ಮಾತು ಬಂದಾಗ ಅವನ ಕೈ ಆ ತಟ್ಟೆಯ ಮೇಲೇ ಬೀಸಿ ಹೋಯಿತು. ಮುಗಿದಾಗ ಹಿರಿಯರಿಬ್ಬರೂ ಚಪ್ಪಾಳೆ ತಟ್ಟಿದರು. ರುದ್ರಣ್ಣ ಎಲ್ಲರಿಗಿಂತ ಜೋರಾಗಿ ತಟ್ಟಿದ.

"ಆಹಾ! ಅರ್ಥ ಏನಪ್ಪ ಅದರದ್ದು?" ಅಂದರು ಕಾಡಸಿದ್ದಪ್ಪನವರು.

ರೇಣುಕಣ್ಣ ಕೆಮ್ಮಿದ. "ಅದು... ಕುಟುಂಬದ ಬಗ್ಗೆ. ಹೆಣ್ಣುಮಕ್ಕಳು ಮನೆಗೆ ಬೆಳಕಿದ್ದಂಗೆ ಅಂತ."

"ಬಾಳ ಚೆನ್ನಾಗೈತೆ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಅವನು ಹೇಳಿದ್ದನ್ನೆಲ್ಲ ಜೀವಿತಾ ಹೇಳಿಕೊಟ್ಟ ಹಾಗೆ ಕನ್ನಡದಲ್ಲಿ ಒಪ್ಪಿಸಿದೆ. ನೀರು ಹೊತ್ತದ್ದು, ಸೀರೆಯ ಮೋಸ, ಬಾಯಿ ಮುಚ್ಚಿಕೊಂಡ ಅಣ್ಣ, ಸಮಪಾಲು, ಒಂದೂ ಬಿಡಲಿಲ್ಲ. ರುದ್ರಣ್ಣ ತಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮನ ಕಡೆ ತಿರುಗಿದ. ಕಾಡಸಿದ್ದಪ್ಪನವರು ಎಲೆಯಡಿಕೆ ಅಗಿಯುವುದನ್ನೇ ನಿಲ್ಲಿಸಿದರು.

"ಹಂಗೆ ಬರೆದಿದ್ಯೇನ್ಲಾ?" ಅಂದ ರುದ್ರಣ್ಣ.

"ಅಣ್ಣ, ಪ್ರಶ್ನೆ ಹಂಗೆ ಬಂದಿತ್ತು," ಅಂದ ರೇಣುಕಣ್ಣ.

ನಾನು ಅವನ ಮುಂದೆಯೇ ಹೋಗಿ ನಿಂತೆ. "ಪರೀಕ್ಷೆ ಹೋಗ್ಲಿ ಬುಡು. ಇಲ್ಲೇ, ಇದೇ ಜಗಲೀಲಿ, ಕಟ್ಟೆ ತೋಟ ಗಿರಿಜಂದು ಅಂತ ಅಪ್ಪ ನಿನಗೆ ಹೇಳಿದ್ರೋ ಇಲ್ವೋ? ಒಂದೇ ಮಾತು ಹೇಳು."

ಒಂದೇ ಮಾತು ಕೇಳಿದರೆ ರೇಣುಕಣ್ಣ ಪೂರ್ತಿ ಪ್ರಬಂಧ ಕೊಟ್ಟ. ಅಪ್ಪನಿಗೆ ಗಿರಿಜಾಳ ಮೇಲೆ ಪ್ರೀತಿ ಇದ್ದದ್ದು ನಿಜ. ಹಾಗೆಯೇ ರುದ್ರಣ್ಣ ತೋಟಕ್ಕೆ ಮೈ ಸವೆಸಿದ್ದೂ ನಿಜ. ಅಪ್ಪ ಏನೋ ಅಂದ ಹಾಗೆ ನೆನಪು, ಆದರೆ ವಯಸ್ಸಾದವರು ನೂರು ಮಾತಾಡುತ್ತಾರೆ. ಹೆಣ್ಣುಮಕ್ಕಳಿಗೆ ಕೊಡುವುದರಲ್ಲಿ ಒಳ್ಳೆಯದೂ ಉಂಟು, ಜಮೀನು ಒಡೆದು ಚೂರಾಗುತ್ತದೆ ಅನ್ನುವುದೂ ಉಂಟು. ಹಿರಿಯರು ಹೇಗೆ ಹೇಳುತ್ತಾರೋ ಹಾಗೆ. ಇಷ್ಟು ಹೇಳಿ ಅವನು ಕೂತ. ರುದ್ರಣ್ಣ ವರ್ಷ ವರ್ಷ ಇವನ ಪಾಲಿನ ಕಾಯಿಯನ್ನೂ ಕೆಡವಿಸಿ, ಸುಲಿಸಿ, ಮಾರಿ, ದುಡ್ಡನ್ನು ತಿಪಟೂರಿನ ಮನೆ ಬಾಗಿಲಿಗೆ ತಲುಪಿಸುತ್ತಾನೆ. ಅವನು ಮುನಿಸಿಕೊಂಡರೆ ಮೇಷ್ಟರು ತಾವೇ ತೋಟಕ್ಕೆ ಇಳಿಯಬೇಕು.

ಹಿರಿಯರಿಗೆ ಸಲೀಸಾಯಿತು. "ಅಲ್ಲಿದ್ದೋನಿಗೇ ಸರಿಯಾಗಿ ನೆನಪಿಲ್ಲ ಅಂದ್ಮೇಲೆ ನಾವೇನಮ್ಮ ಮಾಡಣ? ತವರು ದೊಡ್ಡದು, ಸೈನ್ ಹಾಕವ್ವ," ಅಂದರು ಬಸವರಾಜಪ್ಪನವರು. ರುದ್ರಣ್ಣ ತಟ್ಟೆಯನ್ನು ನನ್ನ ಕಡೆ ಸರಿಸಿದ.

"ನಾನು ಹೊಲಿಗೆಯೋಳು. ಸೀರೆಗೆ ಫಾಲ್ಸ್ ಹಾಕಿಸಬೇಕಾದ್ರೆ ಅಂಗಡಿಗೆ ಕಳಿಸಿಕೊಡಿ," ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಹಿಂದಿನಿಂದ ರುದ್ರಣ್ಣ, "ಸೈನ್ ಹಾಕದಿದ್ರೆ ಈ ಹೊಸಲು ತುಳಿಬ್ಯಾಡ," ಅಂತ ಕೂಗುತ್ತಿದ್ದ.

ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ರೇಣುಕಣ್ಣ ಏದುಸಿರು ಬಿಡುತ್ತಾ ಬಂದ. ಅತ್ತ ಇತ್ತ ನೋಡಿದ. ಯಾರೂ ಇರಲಿಲ್ಲ.

"ಗಿರಿಜಾ, ಬೇಜಾರು ಮಾಡ್ಕೋಬ್ಯಾಡ ಕಣಮ್ಮ. ಅಪ್ಪ ಹೇಳಿದ್ದು ನಿಜ. ಒಂದೊಂದಕ್ಷರವೂ ನೆನಪಿದೆ ನಂಗೆ. ನಾನು ಯಾವತ್ತೂ ನಿನ್ನ ಕಡೆನೇ." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ನಾನು ಅವನ ಕೈ ಹಿಡಿದುಕೊಂಡೆ. "ಹಂಗಾದ್ರೆ ಬಾರಣ್ಣ. ಇನ್ನೂ ಅಲ್ಲೇ ಕೂತಿದಾರೆ. ಇದನ್ನೇ ಬಂದು ಹೇಳು. ನಿನ್ನ ಕಾಲು ಹಿಡ್ಕೋತೀನಿ."

ಕೈ ಮೆಲ್ಲಗೆ ಬಿಡಿಸಿಕೊಂಡ. ವಾಚು ನೋಡಿಕೊಂಡ. "ಸಂಜೆ ಕ್ಲಾಸ್ ಐತೆ ಕಣೇ. ಹುಡುಗ್ರಿಗೆ ಇವತ್ತು ಅಭಿಪ್ರಾಯ ಬರೆಯೋದು ಹೇಳ್ಕೊಡ್ಬೇಕು," ಅಂದ.

ಬಸ್ಸು ಬಂತು, ಹತ್ತಿದೆ. ಕಿಟಕಿಗೆ ತಲೆ ಕೊಟ್ಟು ಅತ್ತೆ, ಜನ ನೋಡುತ್ತಾರೆ ಅಂತಲೂ ಅನ್ನಿಸಲಿಲ್ಲ. ಅಪ್ಪ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆ.

ಮರುವಾರ ಜೀವಿತಾಳನ್ನು ಜೊತೆಗೆ ಕರೆದುಕೊಂಡು ವಕೀಲರ ಹತ್ತಿರ ಹೋದೆ. ಶ್ರೀನಿವಾಸ್ ಅಂತ, ಒಳ್ಳೆಯವರು. ಎಲ್ಲ ಕೇಳಿಸಿಕೊಂಡು, "ಕಟ್ಟೆ ತೋಟ ಒಂದೇ ಬೇಕು ಅಂದ್ರೆ ನಿಮ್ಮ ತಂದೆ ಮಾತಿಗೆ ಸಾಕ್ಷಿ ಬೇಕು, ಸಾಕ್ಷಿ ನಿಮ್ಮಣ್ಣ. ಅದನ್ನ ಬಿಡಿ. ವಿಲ್ ಇಲ್ಲ, ಸೈನ್ ಹಾಕಿಲ್ಲ. ಕಾನೂನು ಪ್ರಕಾರ ಎಲ್ಲ ತೋಟದಲ್ಲೂ ನಿಮಗೆ ಮೂರರಲ್ಲೊಂದು ಪಾಲು ಇದೆಯಮ್ಮ. ಅದಕ್ಕೆ ಯಾರ ಸಾಕ್ಷಿನೂ ಬೇಡ," ಅಂದರು. ನಾನು ಕೇಳಿದ್ದು ಒಂದು ತುಂಡು. ಆ ತುಂಡಿಗೆ ಅಣ್ಣನ ಒಂದು ಮಾತು ಸಾಕಾಗಿತ್ತು.

"ಎಲ್ಲದರಲ್ಲೂ ಹಾಕಿ ಸಾರ್," ಅಂದೆ.

ಸಮನ್ಸು ತಲುಪಿದ ದಿನ ರೇಣುಕಣ್ಣನ ಫೋನ್ ಬಂತು. ಅಂಗಡಿಯಲ್ಲಿ ಕತ್ತರಿ ಹಿಡಿದು ನಿಂತಿದ್ದೆ. ಜೋರು ದನಿ, ಮೊದಲು ಯಾರೋ ಅಂದುಕೊಂಡೆ.

"ಗಿರಿಜಾ! ನನ್ನ ಹೆಸರು ಯಾಕೆ ಹಾಕ್ದೆ? ಕಟ್ಟೆ ತೋಟ ಅಣ್ಣನ ಪಾಲಲ್ವೇನೇ?"

"ಕಟ್ಟೆ ತೋಟದ ಮಾತಿಗೆ ಸಾಕ್ಷಿ ಸಿಗಲಿಲ್ಲ ಕಣಣ್ಣ. ಅದಕ್ಕೇ ಎಲ್ಲದ್ರಲ್ಲೂ ಸಮಪಾಲು ಕೇಳಿದೀನಿ. ನಿನ್ನ ಬಾವಿ ತೋಟದಲ್ಲೂ."

"ಇದು ತಪ್ಪು! ಶುದ್ಧ ತಪ್ಪು! ಮದುವೆ ಮಾಡಿ ಕೊಟ್ಟ ಮೇಲೆ ಹೆಣ್ಣುಮಕ್ಕಳು ತವರಿನ ಜಮೀನಿಗೆ ಕೈ ಹಾಕಬಾರ್ದು. ಯಾರು ಏನೇ ಅನ್ನಲಿ, ನಾನು ಒಪ್ಪಲ್ಲ ಅಂದ್ರೆ ಒಪ್ಪಲ್ಲ!"

ಎಲ್ಲೂ ತಡವರಿಸಲಿಲ್ಲ. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ, 'ನೋಡಣ' ಅನ್ನುವುದೂ ಇಲ್ಲ.

"ಹಂಗಾದ್ರೆ ಪರೀಕ್ಷೇಲಿ ಬರೆದದ್ದು?" ಅಂದೆ.

"ಅದು ಮಾರ್ಕ್ಸಿಗೆ ಬರೆದದ್ದು ಕಣೇ!" ಅಂತ ಕಿರುಚಿ ಫೋನ್ ಇಟ್ಟ.

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನಮ್ಮ ಅಣ್ಣ ಕೊನೆಗೂ ಕನ್ನಡದಲ್ಲಿ ಒಂದು ಅಭಿಪ್ರಾಯ ಹೇಳಿದ್ದ, ಅದೂ ನನ್ನ ವಿರುದ್ಧ.